ದಾವಣಗೆರೆ–ತುಮಕೂರು ನೇರ ರೈಲು: ಹಳಿಗೂ ಮೊದಲು ಪಹಣಿಯ ಸಿಕ್ಕು

ದಾವಣಗೆರೆಯಿಂದ ತುಮಕೂರಿಗೆ ಹೆದ್ದಾರಿ ಹಿಡಿದರೆ ಭರಮಸಾಗರ, ಚಿತ್ರದುರ್ಗ, ಹಿರಿಯೂರು, ಸಿರಾ ಒಂದರ ಹಿಂದೊಂದು ಬರುತ್ತವೆ. ರೈಲು ಹತ್ತಿದರೆ ಇವುಗಳಲ್ಲಿ ಒಂದು ಊರೂ ಸಿಗುವುದಿಲ್ಲ. ಚಿಕ್ಕಜಾಜೂರು, ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಬಳಸಿ ಹೋಗುವ ಈ ದಾರಿ 1880ರ ದಶಕದ್ದು. 1920ರ ದಶಕದಲ್ಲಿ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಒಂದು ಕವಲು ಬಂತು. 1990ರ ದಶಕದಲ್ಲಿ ಮುಖ್ಯ ಮಾರ್ಗ ಬ್ರಾಡ್‌ಗೇಜ್ ಆಯಿತು. ಹಳಿ ಅಗಲವಾಯಿತು, ಸುತ್ತು ಕಡಿಮೆಯಾಗಲಿಲ್ಲ.

ಆ ಸುತ್ತನ್ನು 60 ಕಿ.ಮೀ.ಗೂ ಹೆಚ್ಚು ತಗ್ಗಿಸುವ ನೇರ ಮಾರ್ಗಕ್ಕೆ 2011-12ರ ರೈಲ್ವೆ ಬಜೆಟ್‌ನಲ್ಲಿ ಮಂಜೂರಾತಿ ಸಿಕ್ಕಿತು. ಉದ್ದ ಸುಮಾರು 191 ಕಿ.ಮೀ. ನಿರ್ಮಾಣ ವೆಚ್ಚದಲ್ಲಿ ಕೇಂದ್ರ ಮತ್ತು ರಾಜ್ಯಕ್ಕೆ ಅರ್ಧರ್ಧ ಪಾಲು. ಜಮೀನನ್ನು ರಾಜ್ಯವೇ ಉಚಿತವಾಗಿ ಕೊಡಬೇಕು. ಕೊನೆಯ ಈ ಷರತ್ತಿನಲ್ಲೇ ಯೋಜನೆಯ ಬಹುಪಾಲು ಕಾಲ ಕಳೆದುಹೋಯಿತು.

ಕಾಗದದಲ್ಲಿ ಭೂಸ್ವಾಧೀನ ಒಂದೇ ಪದ, ಹೊಲದಲ್ಲಿ ಅದು ಹತ್ತಾರು ಕೆಲಸ. ಅಧಿಸೂಚನೆ ಹೊರಡಬೇಕು, ಜಂಟಿ ಅಳತೆ ಆಗಬೇಕು. ಅಡಿಕೆ, ತೆಂಗಿನ ಮರಗಳಿಗೆ ತೋಟಗಾರಿಕೆ ಇಲಾಖೆ ಬೆಲೆ ಕಟ್ಟಬೇಕು, ಮನೆ–ಕಟ್ಟಡಗಳಿಗೆ ಲೋಕೋಪಯೋಗಿ ಇಲಾಖೆ. ಅಷ್ಟರಲ್ಲಿ ಜಮೀನಿನ ಹಕ್ಕು ದಾಖಲೆಯಾದ ಪಹಣಿ ತೆಗೆದು ನೋಡಿದರೆ ಹೆಸರು ತೀರಿಕೊಂಡ ಅಜ್ಜನದು. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರುವುದಿಲ್ಲ, ಅಣ್ಣತಮ್ಮಂದಿರ ನಡುವೆ ಪೋಡಿ, ಅಂದರೆ ಅಳತೆ ಮಾಡಿ ಜಮೀನು ಬೇರ್ಪಡಿಸುವುದು, ಆಗಿರುವುದಿಲ್ಲ. ಪರಿಹಾರ ಯಾರ ಕೈಗೆ ಎಂಬುದು ತೀರ್ಮಾನವಾಗದೆ ಹಣ ನಿಲ್ಲುತ್ತದೆ. ಮಂಜೂರಾತಿ ಸಿಕ್ಕಾಗ ದೇಶದಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. 2014ರ ಜನವರಿ 1ರಿಂದ ಹೊಸ ಕಾಯ್ದೆ ಬಂದು ಪರಿಹಾರದ ಲೆಕ್ಕಾಚಾರವೇ ಬದಲಾಯಿತು. ರೈತನ ಪಾಲಿಗೆ ಅದು ಎಂದೋ ಬರಬೇಕಿದ್ದ ನ್ಯಾಯ. ಜಮೀನು ಸೀಳಿಹೋದ ಮೇಲೆ ಆಚೆ ಉಳಿದ ಅರ್ಧ ಎಕರೆಗೆ ನೀರು ಹಾಯಿಸುವುದು ಹೇಗೆ ಎಂದು ಕೇಳುವವನನ್ನು ಅಭಿವೃದ್ಧಿಯ ವಿರೋಧಿ ಎನ್ನುವುದು ಸರಿಯಲ್ಲ.

ರೈಲ್ವೆಗೂ ತನ್ನದೇ ಕಷ್ಟವಿದೆ. ಹಳಿ ಅಖಂಡವಾಗಿರಬೇಕು, ನಡುವೆ ನಾಲ್ಕು ಸರ್ವೆ ನಂಬರ್ ಬಾಕಿ ಉಳಿದರೂ ಎರಡೂ ಬದಿಯ ಮಣ್ಣಿನ ಏರಿ ಸುಮ್ಮನೆ ಮಳೆಗೆ ಕೊರೆಯುತ್ತದೆ. ಹೀಗೆ ಗುತ್ತಿಗೆ ತಡವಾದಷ್ಟೂ ವೆಚ್ಚ ಏರುತ್ತದೆ. ಏರಿದ ವೆಚ್ಚದ ಅರ್ಧ ಮತ್ತೆ ರಾಜ್ಯದ ಬಜೆಟ್‌ಗೆ ಬಂದು ಬೀಳುತ್ತದೆ.

2024ರಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣ ರೈಲ್ವೆ ಖಾತೆಯ ರಾಜ್ಯ ಸಚಿವರಾದ ಮೇಲೆ ಪರಿಶೀಲನಾ ಸಭೆಗಳು ಹೆಚ್ಚಿದವು. ಗಡುವುಗಳು ಮೊದಲೂ ಇದ್ದವು, ಮುಂದೂಡಿಕೆಯೂ ಆಗಿತ್ತು. ಚಿತ್ರದುರ್ಗದವರು ಬೆಂಗಳೂರಿಗೆ ಇಂದಿಗೂ ಹೆಚ್ಚಾಗಿ ಬಸ್ಸನ್ನೇ ನಂಬಿದ್ದಾರೆ. ಯಾವ ಗ್ರಾಮದಲ್ಲಿ ಎಷ್ಟು ಎಕರೆ ಬಾಕಿ, ಅದು ಯಾವ ಹಂತದಲ್ಲಿ ನಿಂತಿದೆ ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಅದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ.