ನೆಗೆಟಿವ್ ರಿಪೋರ್ಟಿನಲ್ಲಿ ಎಣಿಸದೆ ಉಳಿದದ್ದು

ಅಂಡಾಶಯದ ಕ್ಯಾನ್ಸರ್ ಆದ ಹೆಂಗಸಿಗೆ ವಂಶವಾಹಿ ಪರೀಕ್ಷೆ ಮಾಡಿಸಿ ಎಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಡಾಕ್ಟರು ಹೇಳುತ್ತಾರೆ. ರಕ್ತ ಕೊಟ್ಟು ವಿರಾಜಪೇಟೆಗೋ ಸೋಮವಾರಪೇಟೆಗೋ ಮರಳಿದ ಕೆಲವು ವಾರಕ್ಕೆ ರಿಪೋರ್ಟ್ ಬರುತ್ತದೆ: ನೆಗೆಟಿವ್. ಮನೆಯವರಿಗೆ ನಿರಾಳ. ಆದರೆ ಅದೇ ರಿಪೋರ್ಟಿನ ಒಳಪುಟದಲ್ಲಿ ಒಂದು ಸಾಲು ಹುಡುಕಬೇಕು. ದೊಡ್ಡ ಡಿಲೀಷನ್ (ವಂಶವಾಹಿಯ ತುಂಡು ಕಾಣೆಯಾಗುವುದು), ಡೂಪ್ಲಿಕೇಷನ್ (ತುಂಡು ಎರಡಾಗುವುದು) ಇದೆಯೇ ಎಂದು ನೋಡಿದ್ದಾರೆಯೇ? ಯಾವ ವಿಧಾನದಲ್ಲಿ? ಆ ಸಾಲು ಇಲ್ಲದಿದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲ.

ಈ ಪರೀಕ್ಷೆ ಮುಖ್ಯವಾಗಿ ನೋಡುವ ಎರಡು ವಂಶವಾಹಿಗಳಲ್ಲಿ ಬಿಆರ್‌ಸಿಎ1 ಇರುವುದು 17ನೇ ವರ್ಣತಂತುವಿನಲ್ಲಿ, ಬಿಆರ್‌ಸಿಎ2 13ನೆಯದರಲ್ಲಿ. ಎರಡೂ ತುಂಡಾದ ಡಿಎನ್‌ಎಯನ್ನು ಸರಿಯಾಗಿ ಬೆಸೆಯುವ ಕೆಲಸದವು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಬಿಆರ್‌ಸಿಎ1 ಕೆಟ್ಟಿರುವ ಹೆಂಗಸರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 72, ಅಂಡಾಶಯದ್ದು ಶೇ. 44, ಬಿಆರ್‌ಸಿಎ2 ಆದರೆ ಶೇ. 69 ಮತ್ತು ಶೇ. 17. ಅಧ್ಯಯನದಲ್ಲಿದ್ದವರು ಹೆಚ್ಚಾಗಿ ಪಾಶ್ಚಾತ್ಯ ಕುಟುಂಬದವರು ಎಂಬುದು ನೆನಪಿರಲಿ.

ಪ್ರತಿ ವಂಶವಾಹಿಯೂ ನಮ್ಮಲ್ಲಿ ಎರಡೆರಡು ಪ್ರತಿ, ಅಪ್ಪನದೊಂದು ಅಮ್ಮನದೊಂದು. ತೊಂದರೆ ಇಲ್ಲೇ. ಎರಡು ಗೋದಾಮಿನಲ್ಲಿ ಒಂದೇ ಬಗೆಯ ಕಾಫಿ ಇಟ್ಟಿದ್ದೀರಿ ಎನ್ನಿ. ಒಂದರಲ್ಲಿ ಬೂಷ್ಟು ಹಿಡಿದ ಚೀಲವಿದ್ದರೆ ಮಾದರಿ ತೆಗೆದು ಕುಡಿದು ನೋಡಿದಾಗ ಗೊತ್ತಾಗುತ್ತದೆ. ಚೀಲವೇ ಕಳುವಾಗಿದ್ದರೆ? ಉಳಿದ ಗೋದಾಮಿನ ಒಳ್ಳೆಯ ಕಾಫಿಯ ರುಚಿಯೇ ಸಿಗುತ್ತದೆ. ಡಿಎನ್‌ಎಯ ಅಕ್ಷರ ಓದುವ ಸೀಕ್ವೆನ್ಸಿಂಗ್ ಹೀಗೆ ರುಚಿ ನೋಡಿದ ಹಾಗೆ. ಒಂದಕ್ಷರ ಬದಲಾಗಿದ್ದರೆ ಹಿಡಿಯುತ್ತದೆ. ಒಂದು ಪ್ರತಿಯಲ್ಲಿ ಇಡೀ ಎಕ್ಸಾನ್ (ವಂಶವಾಹಿಯ ಸಂದೇಶವಿರುವ ಒಂದು ಖಂಡ) ಹಾರಿಹೋಗಿದ್ದರೆ, ಇನ್ನೊಂದು ಪ್ರತಿಯನ್ನು ಓದಿ ಎಲ್ಲವೂ ಸರಿ ಎನ್ನುತ್ತದೆ. ಚೀಲ ಎಣಿಸಲೇಬೇಕು.

ಹೀಗೆ ತುಂಡುಗಳು ಹೋಗುವುದು ಬಿಆರ್‌ಸಿಎ1ರಲ್ಲಿ ಹೆಚ್ಚು. ಅದರ ಸುಮಾರು ಶೇ. 40 ಭಾಗ ಆಲು ಎಂಬ, ಒಂದನ್ನೊಂದು ಹೋಲುವ ಪುನರಾವರ್ತನೆಗಳಿಂದ ತುಂಬಿದೆ. ವರ್ಣತಂತುಗಳು ಜೋಡಿಯಾಗುವಾಗ ಒಂದು ಆಲು ತನ್ನ ಜೊತೆಯದಲ್ಲದ ಆಲುವಿಗೆ ಅಂಟಿಕೊಂಡರೆ, ನಡುವಿನ ತುಂಡು ಒಂದು ಕಡೆ ಬಿಟ್ಟುಹೋಗುತ್ತದೆ, ಇನ್ನೊಂದು ಕಡೆ ಎರಡಾಗುತ್ತದೆ. 1997ರಲ್ಲಿ ಡಚ್ ಕುಟುಂಬಗಳಲ್ಲಿ ಹುಡುಕಿದಾಗ ಕೆಲವರಲ್ಲಿ 13ನೇ ಎಕ್ಸಾನ್, ಇನ್ನು ಕೆಲವರಲ್ಲಿ 22ನೇ ಎಕ್ಸಾನ್ ಕಾಣೆಯಾಗಿತ್ತು. ಅಲ್ಲಿ ಆವರೆಗೆ ಸಿಕ್ಕಿದ್ದ ಬಿಆರ್‌ಸಿಎ1 ದೋಷಗಳಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಇಂಥ ದೊಡ್ಡ ಬದಲಾವಣೆಗಳೇ. ಕೆಲವು ಜನಸಮುದಾಯಗಳಲ್ಲಿ ಇವು ತೀರಾ ಅಪರೂಪ. ಅಪರೂಪ ಎಂದು ಬಿಡುವಂತಿಲ್ಲ.

ಎಣಿಸುವ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2002ರಲ್ಲಿ ಬಂದ ಎಂಎಲ್‌ಪಿಎ. ಡಿಎನ್‌ಎಯನ್ನು 98 ಡಿಗ್ರಿಯಲ್ಲಿ ಬಿಸಿ ಮಾಡಿ ಎಳೆ ಬಿಡಿಸಿ, ರಾತ್ರಿಯಿಡೀ 60 ಡಿಗ್ರಿಯಲ್ಲಿ ಪ್ರೋಬ್‌ಗಳ (ಎಕ್ಸಾನನ್ನು ಗುರುತಿಸಿ ಅಂಟುವ ಸಣ್ಣ ಡಿಎನ್‌ಎ ತುಂಡುಗಳ) ಜೊತೆ ಇಡುತ್ತಾರೆ. ಪ್ರತಿ ಪ್ರೋಬ್ ಎರಡು ತುಂಡು. ಎರಡೂ ಎಕ್ಸಾನಿನ ಮೇಲೆ ಪಕ್ಕಪಕ್ಕ ಕೂತರೆ ಮಾತ್ರ ಲೈಗೇಸ್ ಕಿಣ್ವ ಅವನ್ನು ಹೊಲಿಯುತ್ತದೆ. ಹೊಲಿದವು ಮಾತ್ರ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ನಲ್ಲಿ ಬೆಳೆಯುತ್ತವೆ. ಒಂದೊಂದರ ಉದ್ದ ಬೇರೆ, ಆದ್ದರಿಂದ ಒಂದೇ ನಳಿಕೆಯಲ್ಲಿ 40-50 ಪ್ರೋಬ್ ಹಾಕಿದರೂ ಯಂತ್ರದ ಗ್ರಾಫಿನಲ್ಲಿ ಒಂದೊಂದರ ಶಿಖರ ಬೇರೆಯಾಗಿ ಕಾಣುತ್ತದೆ. ಶಿಖರವನ್ನು ಆರೋಗ್ಯವಂತರ ಮಾದರಿಯೊಂದಿಗೆ ಹೋಲಿಸಿದಾಗ ಅನುಪಾತ 1 ಬಂದರೆ ಎರಡು ಪ್ರತಿ ಇವೆ, 0.5 ಎಂದರೆ ಒಂದು ಹೋಗಿದೆ, 1.5 ಎಂದರೆ ಒಂದು ಹೆಚ್ಚಿದೆ.

ಮೋಸ ಹೋಗುವ ಜಾಗ ಎರಡು. ಹೊಲಿಗೆ ಬೀಳುವ ಕಡೆಯೇ ಯಾರಿಗೂ ತೊಂದರೆ ಕೊಡದ ಒಂದಕ್ಷರದ ವ್ಯತ್ಯಾಸವಿದ್ದರೆ ಲೈಗೇಸ್ ಸೋಲುತ್ತದೆ, ಎಕ್ಸಾನ್ ಇದ್ದೂ ಇಲ್ಲದ ಹಾಗೆ ಶಿಖರ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಒಂದೇ ಎಕ್ಸಾನ್ ಹೋಗಿದೆ ಎಂಬ ಫಲಿತಾಂಶವನ್ನು ಇನ್ನೊಂದು ವಿಧಾನದಲ್ಲಿ ಖಚಿತಪಡಿಸದೆ ಯಾರಿಗೂ ಹೇಳಬಾರದು. ಆ ಮಾತಿನ ಮೇಲೆ ಹೆಂಗಸೊಬ್ಬಳು ಅಂಡಾಶಯ ತೆಗೆಸಿಕೊಳ್ಳುವವಳಿದ್ದಾಳೆ. ಎರಡನೆಯದು ಡಿಎನ್‌ಎಯಲ್ಲಿ ಉಳಿದ ಲವಣ: ಎಳೆ ಪೂರ್ತಿ ಬಿಡಿಸಿಕೊಳ್ಳದೆ ಕೆಲವು ಶಿಖರಗಳು ತಗ್ಗುತ್ತವೆ. ಹೋಲಿಕೆಯ ಮಾದರಿಗಳ ಡಿಎನ್‌ಎಯನ್ನೂ ಅದೇ ರೀತಿಯಲ್ಲಿ ತೆಗೆದಿರಬೇಕು. ಹಲವು ವಂಶವಾಹಿಗಳನ್ನು ಒಮ್ಮೆಗೇ ಓದುವ ಈಗಿನ ಎನ್‌ಜಿಎಸ್ ಪ್ಯಾನೆಲ್‌ಗಳು ಓದಿದ ತುಣುಕುಗಳನ್ನು ಎಣಿಸಿಯೂ ಹೇಳುತ್ತವೆ, ಆದರೆ ಒಂದೇ ಎಕ್ಸಾನಿನ ನಷ್ಟ ಅವುಗಳ ಕಣ್ಣು ತಪ್ಪಬಹುದು.

ರಕ್ತ ಕೊಡುವಾಗ ನೇರಳೆ ಮುಚ್ಚಳದ ಇಡಿಟಿಎ ನಳಿಕೆಯೇ ಇರಲಿ. ಬೇರೆ ಬಗೆಯ ನಳಿಕೆಯಲ್ಲಿರುವ ಹೆಪಾರಿನ್ ಪಿಸಿಆರನ್ನು ತಡೆಯುತ್ತದೆ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದು ಕೊರಿಯರ್ ತಡವಾದರೆ ನಳಿಕೆ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ.

ಕೊಡಗಿನಲ್ಲಿ ವಂಶವೃಕ್ಷ ಬರೆಯಲು ಕೂತರೆ ಮನಸ್ಸು ತಾನಾಗಿ ಒಕ್ಕದ, ಎಂದರೆ ಅಪ್ಪನ ಕಡೆಯ ಕುಲದ, ಕಡೆ ಹೋಗುತ್ತದೆ: ಐನ್‌ಮನೆ (ಒಕ್ಕದ ಮೂಲಮನೆ), ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಅತ್ತೆಯರು ಪಟ್ಟಿಯಿಂದ ಜಾರುತ್ತಾರೆ. ಅಮ್ಮನ ತವರು ಅದಕ್ಕಿಂತ ಬೇಗ. ವಂಶವಾಹಿಗೆ ಒಕ್ಕ ಗೊತ್ತಿಲ್ಲ. ಗಂಡುಮಗನಿಗೂ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಬರುತ್ತದೆ, ಅವನಿಂದ ಅವನ ಮಗಳಿಗೂ. ಎರಡೂ ಕಡೆ ಮೂರು ತಲೆಮಾರು ಬರೆಯಿರಿ. ‘ಹೊಟ್ಟೆಯಲ್ಲಿ ನೀರು ತುಂಬಿ ಹೋದರು’ ಎಂಬ ಅಜ್ಜಿಯನ್ನೂ ಬಿಡಬೇಡಿ, ಅದು ಅಂಡಾಶಯದ್ದಿರಬಹುದು.

ಪರೀಕ್ಷೆ ಮೊದಲು ಕಾಯಿಲೆ ಬಂದವರಿಗೇ ಆಗಬೇಕು. ಅವರಲ್ಲಿ ಯಾವ ಎಕ್ಸಾನ್ ಹೋಗಿದೆಯೆಂದು ತಿಳಿದರೆ ತಂಗಿಗೆ, ಮಗನಿಗೆ, ಅತ್ತೆಯ ಮಗಳಿಗೆ ಅದೊಂದನ್ನೇ ಎಣಿಸಿದರೆ ಸಾಕು. ಆಗ ಬರುವ ನೆಗೆಟಿವ್, ಮನೆಯಲ್ಲಿರುವ ಆ ದೋಷ ತಮಗೆ ಬಂದಿಲ್ಲ ಎಂಬ ಖಚಿತ ಮಾತು. ಹಳೆಯ ರಿಪೋರ್ಟಿನಲ್ಲಿ ಎಣಿಕೆ ಆಗಿರದಿದ್ದರೆ, ಆ ವ್ಯಕ್ತಿ ನಮ್ಮೊಂದಿಗೆ ಇರುವಾಗಲೇ ಇನ್ನೊಮ್ಮೆ ರಕ್ತ ಕಳಿಸಿ. ಕಾಯಿಲೆ ಜೋರಾಗಿದ್ದರೆ, ಪರೀಕ್ಷೆ ಆಮೇಲೆ ಮಾಡಿಸಿದರೂ ಸರಿ, ಡಿಎನ್‌ಎ ತೆಗೆದು ಕಾಪಿಡಲು ಲ್ಯಾಬಿಗೆ ಇವತ್ತೇ ಹೇಳಿ.