ವಾಡಿಕೆ ಸುಂಕವಾದ ಬಗೆ

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸುವ ಕಸ್ಟಮ್ಸ್, ಅಂಗಡಿಗೆ ಬರುವ ಕಸ್ಟಮರ್, ನಾಟಕದವರ ಕಾಸ್ಟ್ಯೂಮ್ ಮೂರಕ್ಕೂ ಬೇರು ಒಂದೇ: ಲ್ಯಾಟಿನಿನ ‘ಕಾನ್‌ಸ್ವೆಟೂಡೊ’, ಅಂದರೆ ರೂಢಿ. ಹಳೆಯ ಫ್ರೆಂಚಿನಲ್ಲಿ ಅದು ಸವೆದು ‘ಕುಸ್ತೂಮ್’ ಆಯಿತು; 1066ರಲ್ಲಿ ಫ್ರೆಂಚ್ ಆಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ‘ಕಸ್ಟಮ್’ ಆಗಿ ಇಳಿಯಿತು. ಕಾಸ್ಟ್ಯೂಮ್ ಬಂದದ್ದು ಇಟಲಿಯ ಸುತ್ತುದಾರಿಯಲ್ಲಿ. ಬೆಲೆ ಎನ್ನುವ ‘ಕಾಸ್ಟ್’ ಇವರ ನೆಂಟನೆಂದು ಹಲವರು ತಿಳಿಯುತ್ತಾರೆ. ಅಲ್ಲ, ಅದರ ಮೂಲ ಬೇರೆ.

ಇನ್ನೂ ಬಗೆದರೆ ತಳದಲ್ಲಿ ಸಿಗುವುದು, ಲ್ಯಾಟಿನ್ ಮತ್ತು ಸಂಸ್ಕೃತ ಎರಡಕ್ಕೂ ತಾಯಿಯಾದ ಹಳೆಯ ನುಡಿಯಲ್ಲಿ ‘ತನ್ನದು’ ಎಂಬರ್ಥದ ‘ಸ್ವೆ’. ಸಂಸ್ಕೃತದ ‘ಸ್ವ’ ಹುಟ್ಟಿದ್ದೂ ಇದರಿಂದಲೇ. ನಮ್ಮ ‘ಸ್ವಂತ’, ‘ಸ್ವಭಾವ’ಗಳಲ್ಲಿ ಇರುವುದೂ ಅದೇ. ಮಾಡಿ ಮಾಡಿ ತನ್ನದಾಗಿಸಿಕೊಂಡದ್ದು ರೂಢಿ.

ಹಾಗಾದರೆ ಸುಂಕ? ಮಧ್ಯಯುಗದ ಇಂಗ್ಲೆಂಡಿನಲ್ಲಿ ದೊರೆಗೆ ಹಿಂದಿನಿಂದ ಸಲ್ಲಿಸುತ್ತ ಬಂದ ಪಾವತಿಯೂ ‘ಕಸ್ಟಮ್’. ಕೊಡುತ್ತ ಬಂದಿದ್ದೀಯ, ಆದ್ದರಿಂದ ಕೊಡು ಎನ್ನುವ ತರ್ಕ. 1275ರಲ್ಲಿ ದೊರೆ ಒಂದನೇ ಎಡ್ವರ್ಡ್ ಹೊರದೇಶಕ್ಕೆ ಹೋಗುವ ಉಣ್ಣೆಗೆ ಮೂಟೆಯೊಂದಕ್ಕೆ 6 ಷಿಲ್ಲಿಂಗ್ 8 ಪೆನ್ಸ್ ಸುಂಕ ಹಾಕಿದ (ಷಿಲ್ಲಿಂಗಿಗೆ 12 ಪೆನ್ಸ್). ಮೂಟೆಯ ತೂಕ 364 ಪೌಂಡು, ಸುಮಾರು 165 ಕಿಲೊ. 1303ರಲ್ಲಿ ವಿದೇಶಿ ವರ್ತಕರ ಮೇಲೆ ಇನ್ನೂ 3 ಷಿಲ್ಲಿಂಗ್ 4 ಪೆನ್ಸ್ ಬಿತ್ತು, ಒಟ್ಟು 10 ಷಿಲ್ಲಿಂಗ್. ಇದು ‘ಹೊಸ ಕಸ್ಟಮ್’ ಎನಿಸಿಕೊಂಡಿತು. ಮೊದಲಿನದಕ್ಕೆ ದಕ್ಕಿದ ಬಿರುದು ‘ಮಹಾ ಪುರಾತನ ಕಸ್ಟಮ್’. ಆ ಪುರಾತನಕ್ಕೆ ಆಗ ವಯಸ್ಸು 28!

ನಮ್ಮ ‘ಸುಂಕ’ಕ್ಕೆ ಈ ನಯವಿಲ್ಲ. ಸಂಸ್ಕೃತದ ‘ಶುಲ್ಕ’ ಪ್ರಾಕೃತದಲ್ಲಿ ನುರಿದು ಬಂದ ರೂಪವದು. ಅರ್ಥ ನೇರವಾಗಿ ಬೆಲೆ, ತೆರಿಗೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುವ ಗಾದೆಯಲ್ಲೂ ವಾಡಿಕೆಯ ನೆಪವಿಲ್ಲ, ವಸೂಲಿ ಅಷ್ಟೇ. ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಈ ಸುಂಕದವನನ್ನೂ ‘ಕಸ್ಟಮರ್’ ಎಂದೇ ಕರೆಯುತ್ತಿದ್ದರು.

ಉಳಿದುಕೊಂಡದ್ದು ಇನ್ನೊಂದು ಅರ್ಥ: ವಾಡಿಕೆಯಾಗಿ ಅದೇ ಅಂಗಡಿಗೆ ಬರುವವನು. ಇದಕ್ಕೆ ಹಳೇ ಮೈಸೂರು ಕಡೆಯ ‘ವರ್ತನೆ’ ಸರಿಜೋಡಿ. ದಿನಾ ಅರ್ಧ ಲೀಟರ್ ಹಾಲು ಹಾಕಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವುದು ವರ್ತನೆಯ ಮನೆಯಲ್ಲಿ. ನೆಂಟರು ಬಂದ ದಿನ ಒಂದು ಲೀಟರ್ ಹೆಚ್ಚಿಗೆ ಕೊಂಡ ಪಕ್ಕದ ಮನೆಯವರು ಬರೀ ಗಿರಾಕಿ. ಇಂಗ್ಲಿಷಿನಲ್ಲಿ ಈ ಭೇದ ಅಳಿಸಿದೆ. ಒಮ್ಮೆ ಬಂದು ಪೆನ್ನು ಕೊಂಡು ಹೋದವನೂ ಕಸ್ಟಮರ್. ಅದಕ್ಕೇ ಈಗ ‘ರೆಗ್ಯುಲರ್ ಕಸ್ಟಮರ್’ ಎಂದು ಒಂದೇ ಮಾತನ್ನು ಎರಡು ಸಲ ಹೇಳಬೇಕಾಗಿದೆ.