ಒಂದು ತಿಂಗಳ ಮರಿಗಳನ್ನು ದೊಡ್ಡ ಕೋಳಿಗಳ ಜೊತೆ ಬಿಡಬಹುದಾ?

ಗಂಗಾವತಿ ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ: "ಹಿತ್ತಲಲ್ಲಿ ಆರು ನಾಟಿ ಹೇಂಟೆ, ಒಂದು ಹುಂಜ ಇವೆ. ಹೋದ ತಿಂಗಳು ಹತ್ತು ಗಿರಿರಾಜ ಮರಿ ತಂದು ಬೇರೆ ಇಟ್ಟಿದ್ದೇವೆ. ಮೊನ್ನೆ ಒಳಗೆ ಬಿಟ್ಟರೆ ಹೇಂಟೆಗಳು ತಲೆಗೇ ಕುಕ್ಕಿದವು. ಯಾವಾಗ ಬಿಡಬೇಕು?"

ಈಗ ಬೇಡ. ಇನ್ನೊಂದು ತಿಂಗಳಾದರೂ ತಡೆಯಿರಿ. ದಿನ ಎಣಿಸುವುದಕ್ಕಿಂತ ಮರಿಯ ಗಾತ್ರ ನೋಡುವುದು ವಾಸಿ. ನಿಮ್ಮ ಹೇಂಟೆಯ ಮುಕ್ಕಾಲು ಪಾಲಾದರೂ ಬೆಳೆದಿರಬೇಕು. ಗಿರಿರಾಜ ಬೇಗ ಮೈ ತುಂಬಿಕೊಳ್ಳುವ ತಳಿ, 8 ವಾರದ ಹೊತ್ತಿಗೆ ಸಾಮಾನ್ಯವಾಗಿ ಅಷ್ಟಾಗುತ್ತದೆ. ನಾಟಿ ಮರಿಗಾದರೆ 12 ವಾರ ಬೇಕಾದೀತು.

ಹೇಂಟೆಗಳು ಕುಕ್ಕಿದ್ದಕ್ಕೆ ಗಾಬರಿ ಬೇಡ. ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಕೂರಬೇಕು ಅಂತ ಅವುಗಳಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಹೊಸಬರು ಬಂದರೆ ಆ ಪಂಚಾಯಿತಿ ಮತ್ತೆ ಶುರು. ಅದನ್ನು ಪೂರ್ತಿ ತಪ್ಪಿಸೋಕೆ ಆಗಲ್ಲ, ರಕ್ತ ಬರದಂತೆ ನೋಡಿಕೊಳ್ಳಬಹುದು ಅಷ್ಟೇ.

ನನಗೆ ಜಗಳಕ್ಕಿಂತ ಜಾಸ್ತಿ ಭಯ ರೋಗದ್ದು. ದೊಡ್ಡ ಕೋಳಿಯ ಹಿಕ್ಕೆಯಲ್ಲಿ ರಕ್ತಭೇದಿಯ ರೋಗಾಣು ಇರಬಹುದು. ಅದಕ್ಕೆ ಏನೂ ಆಗಿರುವುದಿಲ್ಲ, ಆದರೆ ಅದೇ ನೆಲದಲ್ಲಿ ಕೆದಕಿ ತಿಂದ ಎಳೆ ಮರಿ ತೂಕಡಿಸಿ, ಕೆಂಪಗೆ ಭೇದಿ ಮಾಡಿ ಸಾಯುತ್ತದೆ. ಹಾಗಾಗಿ ದಿನಾ ಮೊದಲು ಮರಿಗಳ ಕೆಲಸ ಮುಗಿಸಿ, ಆಮೇಲೆ ದೊಡ್ಡವುಗಳ ಕಡೆ ಹೋಗಿ. ಮರಿಗಳ ಕೆಳಗೆ ಹಾಸಿದ ಭತ್ತದ ಹೊಟ್ಟು ಒದ್ದೆಯಾದ ಕೂಡಲೇ ಬದಲಿಸಿ. ಗಂಗಾವತಿಯಲ್ಲಿ ರೈಸ್ ಮಿಲ್‌ಗೇನು ಬರ, ಹೊಟ್ಟಿಗೆ ಜಿಪುಣತನ ಮಾಡಬೇಡಿ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನೂ ಮರೆಯಬೇಡಿ. ಮೊದಲ ವಾರ ಕಣ್ಣಿಗೋ ಮೂಗಿಗೋ ಲಸೋಟಾ ಅನ್ನುವ ಲಸಿಕೆಯ ಹನಿ, ನಾಲ್ಕನೇ ವಾರ ಮತ್ತೊಮ್ಮೆ, 8ನೇ ವಾರ ಅದೇ ರೋಗಕ್ಕೆ ಆರ್‌ಟುಬಿ ಅನ್ನುವ ಲಸಿಕೆಯ ಇಂಜೆಕ್ಷನ್. ಆರ್‌ಟುಬಿ ಹಾಕಿಸಿ ಒಂದು ವಾರ ಕಳೆದ ಮೇಲೇ ಮರಿ ಬಿಡಿ. ಒಂದು ಶೀಸೆ ಲಸಿಕೆ ನೂರು ಕೋಳಿಗಾದರೂ ಆಗುತ್ತದೆ, ತೆರೆದರೆ ಇಟ್ಟುಕೊಳ್ಳುವಂತಿಲ್ಲ. ಓಣಿಯವರೆಲ್ಲ ಸೇರಿ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಅನುಕೂಲ.

ಬಿಡುವ ಮೊದಲು ಒಂದು ವಾರ ನಡುವೆ ತಂತಿ ಜಾಲರಿ ಕಟ್ಟಿ. ನೋಡಲಿ, ಮುಟ್ಟುವುದು ಬೇಡ. ನಮ್ಮ ಹಿರಿಯರು ಅಂಗಳದಲ್ಲಿ ಬುಟ್ಟಿ ಮಗುಚಿ ಮರಿ ಮುಚ್ಚಿಡುತ್ತಿದ್ದರಲ್ವಾ, ಹದ್ದಿನ ಕಾಟ ತಪ್ಪುವುದರ ಜೊತೆ ಈ ಪರಿಚಯವೂ ಆಗುತ್ತಿತ್ತು. ಆಮೇಲೆ ಒಂದು ಸಂಜೆ, ಕತ್ತಲಾಗಿ ಕೋಳಿಗಳು ಗೂಡಲ್ಲಿ ಕೂತ ಮೇಲೆ, ಹತ್ತನ್ನೂ ಒಟ್ಟಿಗೇ ಒಳಗೆ ಬಿಡಿ. ಒಂದೊಂದೇ ಬಿಟ್ಟರೆ ಏಟೆಲ್ಲ ಅದಕ್ಕೇ. ಬೆಳಿಗ್ಗೆ ಬೇಗ ಎದ್ದು ನೋಡಿ. ಮೇವು, ನೀರು ಎರಡೆರಡು ಕಡೆ ಇರಲಿ. ಮರಿ ಮಾತ್ರ ನುಸುಳುವಂಥ ಒಂದು ಸಂದು ಮಾಡಿಕೊಡಿ. ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಬಾಯಿ ತೆರೆದು ಏದುಸಿರು ಬಿಡುವ ಕೋಳಿಗೆ ಜಗಳವೂ ಸೇರಿದರೆ ತಡೆಯಲ್ಲ.

ರಕ್ತ ಕಂಡರೆ ಆ ಮರಿಯನ್ನು ತಕ್ಷಣ ಎತ್ತಿಬಿಡಿ. ಕೆಂಪು ಕಂಡಲ್ಲಿ ಉಳಿದವೂ ಕುಕ್ಕುತ್ತವೆ. ಒಂದೇ ಹೇಂಟೆ ದಿನಾ ಅಟ್ಟಿಸಿಕೊಂಡು ಹೋಗುತ್ತಿದ್ದರೆ, ಮರಿಯನ್ನಲ್ಲ, ಆ ಹೇಂಟೆಯನ್ನೇ ಎರಡು ಮೂರು ದಿನ ಬೇರೆ ಇಡಿ. ವಾಪಸ್ ಬಂದಾಗ ಅದೇ ಹೊಸಬಳು, ಜಂಬ ಇಳಿದಿರುತ್ತದೆ.

ಮೊಟ್ಟೆ ಕೋಳಿಗೆ ಲೇಯರ್ ಫೀಡ್ ಹಾಕುತ್ತಿದ್ದರೆ, ಮರಿಗಳನ್ನು ಒಟ್ಟಿಗೆ ಬಿಟ್ಟ ಮೇಲೆ ನಿಲ್ಲಿಸಿ. ಅದರಲ್ಲಿ ಸುಣ್ಣದಂಶ ಜಾಸ್ತಿ, ಬೆಳೆಯುವ ಮರಿಯ ಮೂತ್ರಪಿಂಡ ಹಾಳಾಗುತ್ತದೆ. ಎಲ್ಲಕ್ಕೂ ಗ್ರೋವರ್ ಫೀಡ್ (ಬೆಳೆಯುವ ಮರಿಗಳ ಮೇವು) ಹಾಕಿ, ಹೇಂಟೆಗಳಿಗೆ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ. ಬರೀ ನುಚ್ಚು, ತೌಡು ಮರಿಗೆ ಸಾಲದು.

ಮುಂದಿನ ಸಲ ಮನೆಯಲ್ಲಿ ಕಾವು ಕೂತ ನಾಟಿ ಹೇಂಟೆ ಇದ್ದರೆ ಇಷ್ಟೆಲ್ಲ ರಗಳೆ ಬೇಕಿಲ್ಲ. ಒಂದೆರಡು ದಿನದ ಮರಿಗಳನ್ನು ತಂದು ರಾತ್ರಿ ಅದರ ರೆಕ್ಕೆ ಕೆಳಗೆ ಸುಮ್ನೆ ಸೇರಿಸಿ, ಮೊಟ್ಟೆ ತೆಗೆದುಬಿಡಿ. ಒಪ್ಪಿಕೊಂಡರೆ ಮರಿಗಳ ಹತ್ತಿರ ಬಂದ ಕೋಳಿಯನ್ನು ಅದೇ ಓಡಿಸುತ್ತದೆ. ಬೆಳಗಾಗುತ್ತಲೇ ಕುಕ್ಕತೊಡಗಿದರೆ ಮಾತ್ರ ಮರಿಗಳನ್ನು ಬಲ್ಬಿನ ಕೆಳಗೆ ಇಡಬೇಕಾಗುತ್ತದೆ. ಎಲ್‌ಇಡಿ ಅಲ್ಲ, ಬಿಸಿ ಕೊಡುವ ಹಳೇ ಬಲ್ಬು.